ವಾರಕ್ಕೆ ನಲವತ್ತು ಪದ

ಕೋರಲ್ ಪ್ಯಾಸ್ಕೊ ಕಥೆಗಾರ್ತಿಯಾದದ್ದು ಸಿಟ್ಟಿನಿಂದ. ಈಗ ಅವಳ ಬಗ್ಗೆ ಬರೆಯುವವರು ಸಮುದ್ರ, ಏಕಾಂತ, ವಿರಹ ಎಂದು ಏನೇನೋ ಬರೆಯುತ್ತಾರೆ. ಆ ಮನೆಯಲ್ಲಿ ಅತ್ತೆ ಇದ್ದಳು, ಹದಿನಾಲ್ಕರ ಮಗಳಿದ್ದಳು, ಬೇಲಿಯಾಚೆ ನಾನಿದ್ದೆ. ಏಕಾಂತ ಎಲ್ಲಿಂದ ಬರಬೇಕು? ಸಿಟ್ಟನ್ನು ಮಾತ್ರ ನಾನು ಕಣ್ಣಾರೆ ಕಂಡಿದ್ದೇನೆ.

ಅದು ಎಂಬತ್ತಮೂರನೇ ಇಸವಿ, ಸಿಡ್ನಿಯ ನ್ಯೂಟ್ರಲ್ ಬೇ. ನೌಕಾಪಡೆಯ ಅಧಿಕಾರಿಗಳ ಬೀದಿ ಮುಗಿದು ನಮ್ಮಂಥವರ ಬೀದಿ ಶುರುವಾಗುವ ಕಡೆ ಅವಳ ಹಿತ್ತಲಿಗೆ ನನ್ನ ಹಿತ್ತಲು ತಾಗಿತ್ತು. ಅವಳ ಗಂಡ ಡೆಸ್ ಜಲಾಂತರ್ಗಾಮಿಯಲ್ಲಿ ಕ್ಯಾಪ್ಟನ್ ನಂತರದ ಎರಡನೇ ಅಧಿಕಾರಿ. ನನ್ನ ಗಂಡ ಕೆವ್ ಅದೇ ಬೋಟಿನ ಅಡುಗೆಯವನು. ಸಮಾರಂಭಗಳಲ್ಲಿ ನಾನು ಅವಳನ್ನು 'ಮಿಸೆಸ್ ಪ್ಯಾಸ್ಕೊ, ನೀವು' ಅನ್ನಬೇಕಿತ್ತು. ಬೇಲಿಯ ಹತ್ತಿರ 'ನೀನು' ನಡೆಯುತ್ತಿತ್ತು.

ಜುಲೈ ಮೊದಲ ವಾರ ಬೋಟು ಹೋಯಿತು. ಹನ್ನೊಂದು ವಾರ ನೀರಿನಡಿ, ಮಾತಿಲ್ಲ ಕತೆಯಿಲ್ಲ. ಹೋದ ಒಂಬತ್ತನೇ ದಿನ ಕೋರಲ್‌ಗೆ ಮೆಲ್ಬರ್ನಿನ ಒಂದು ಮಾಸಪತ್ರಿಕೆಯಿಂದ ದಪ್ಪ ಲಕೋಟೆ ಬಂತು. ನಾನು ಬಟ್ಟೆ ಹರವುತ್ತಿದ್ದೆ. ಅವಳು ಅಲ್ಲೇ ನಿಂತು ಒಡೆದಳು, ಓದಿದಳು, ಮತ್ತೆ ಓದಿದಳು.

"ನೋಲಾ, ಇದನ್ನ ಓದು. ನನಗೆ ತಲೆ ಕೆಟ್ಟಿದೆಯೋ, ಇವರಿಗೋ?"

ಓದಿದೆ. 'ತಮ್ಮ ಪತ್ರದ ಇಚ್ಛೆಯಂತೆ ಕಥೆಯನ್ನು ಮರಳಿಸುತ್ತಿದ್ದೇವೆ. ಡಿಸೆಂಬರ್ ಸಂಚಿಕೆಗೆ ಅದನ್ನು ಆರಿಸಿದ್ದ ನಮಗೆ ಬೇಸರವಾಗಿದೆ.' ಜೊತೆಗೆ ಆ 'ತಮ್ಮ ಪತ್ರ'ದ ನಕಲೂ ಇತ್ತು. ಟೈಪ್ ಮಾಡಿದ್ದು, ಕೆಳಗೆ ಕೋರಲ್ ಪ್ಯಾಸ್ಕೊ ಎಂದು ಸಹಿ.

"ಇದು ನಿನ್ನ ಸಹಿ ತರಾನೇ ಇದೆಯಲ್ಲೇ."

"ತರಾ ಇದೆ. ನನ್ನ 'ಪಿ'ಗೆ ಇಷ್ಟು ದೊಡ್ಡ ಹೊಟ್ಟೆ ಇಲ್ಲ. ಅದು ಡೆಸ್‌ದು."

ಅದು ಅವಳ ಮೊದಲ ಕಥೆ. ಎರಡು ವರ್ಷ ಇಸ್ತ್ರಿ ಮಾಡುತ್ತ, ಆಲೂಗೆಡ್ಡೆ ಸುಲಿಯುತ್ತ ಬರೆದದ್ದು. ಸ್ವೀಕಾರವಾಯಿತೆಂದು ಕಾಗದ ಬಂದ ದಿನ ಬೇಲಿ ಹಾರಿ ಬಂದು ನನ್ನನ್ನು ತಬ್ಬಿಕೊಂಡಿದ್ದಳು. ಈಗ ಲಕೋಟೆ ಹಿಡಿದು ಅಡುಗೆಮನೆಗೆ ನುಗ್ಗಿದಳು. ನಾನೂ ಹಿಂದೆಯೇ ಹೋದೆ. ನೆರೆಯವಳಿಗೆ ಇಂಥ ಹೊತ್ತಿನಲ್ಲಿ ಒಂದು ಲೋಟ ಸಕ್ಕರೆ ಬೇಕಾಗಿಯೇ ಇರುತ್ತದೆ.

ಅತ್ತೆ ಥೆಲ್ಮಾ ಮೇಜಿನ ಮುಂದೆ ಕೂತು ಬಟಾಣಿ ಬಿಡಿಸುತ್ತಿದ್ದಳು. ಎಪ್ಪತ್ತೆರಡು ವರ್ಷ, ಅವಳ ಗಂಡನೂ ನೌಕಾಪಡೆಯವನೇ.

"ಅತ್ತೆ, ಈ ಕಾಗದ ಯಾರು ಪೋಸ್ಟ್ ಮಾಡಿದ್ದು?"

ಥೆಲ್ಮಾ ಕನ್ನಡಕ ಏರಿಸಿ ನೋಡಿದಳು. "ಡೆಸ್ ಕೊಟ್ಟ. ನಾನು ಡಬ್ಬಿಗೆ ಹಾಕಿದೆ. ಮಗ ಕೊಟ್ಟ ಕಾಗದಾನ ತಾಯಿ ಒಡೆದು ನೋಡ್ತಾಳಾ?"

"ಏನಿದೆ ಅಂತ ಗೊತ್ತಿತ್ತಾ, ಇಲ್ವಾ?"

"ಗೊತ್ತಿತ್ತು." ಒಂದು ಸಿಪ್ಪೆ ಬುಟ್ಟಿಗೆ ಬಿತ್ತು. "ಅವನ ಬಡ್ತಿ ವಿಷಯ ಕಣಮ್ಮ. ಮುಂದಿನ ವರ್ಷ ಅವನಿಗೇ ಒಂದು ಬೋಟು ಸಿಗುತ್ತೆ. ನೀನು ನೋಡಿದ್ರೆ ಗಂಡ ಸಮುದ್ರದಲ್ಲಿರೋವಾಗ ಎರಡು ತಟ್ಟೆ ಇಡೋ ಹೆಂಗಸಿನ ಕಥೆ ಬರೀತೀಯ. ಹಾಗೆ ಇಡೋರು ಯಾರು? ಕ್ಯಾಪ್ಟನ್ ಹೆಂಡ್ತಿ. ಇಡೀ ನ್ಯೂಟ್ರಲ್ ಬೇಗೆ ಗೊತ್ತು."

"ಮಿಸೆಸ್ ಓರ್ಡ್ ಬಗ್ಗೆ ಅಲ್ಲ ಅದು!"

"ಎರಡು ಪುಟ ಓದಿದಾಗಲೇ ಡೆಸ್‌ಗೆ ಗೊತ್ತಾಯ್ತಂತೆ."

"ಎರಡು ಪುಟ? ಕಥೆ ಇರೋದು ಹದಿನೇಳು ಪುಟ ಅತ್ತೆ."

"ಅಡುಗೆಗೆ ಹೊತ್ತಾಯ್ತು," ಅಂದಳು ಥೆಲ್ಮಾ.

"ಆಗ್ಲಿ," ಅಂದಳು ಕೋರಲ್. "ಮಾಡ್ಕೊಳ್ಳಿ."

ಅಂದಿನಿಂದ ಆ ಮನೆಯಲ್ಲಿ ಒಲೆ ಎರಡು ಪಂಗಡವಾಯಿತು. ಕೋರಲ್ ತನಗೂ ಮಗಳು ಟ್ರೂಡಿಗೂ ಮಾತ್ರ ಬೇಯಿಸುವಳು. ಅಡುಗೆಮನೆಯ ಮೇಜಿನ ತುಂಬ ಟೈಪ್‌ರೈಟರ್ ಇಟ್ಟಳು. ಥೆಲ್ಮಾ ಡಬ್ಬಿಯ ಸೂಪು ಬಿಸಿ ಮಾಡಿಕೊಂಡು ಬಟ್ಟೆ ಒಗೆಯುವ ಕೋಣೆಯಲ್ಲಿ, ಯಂತ್ರದ ಮೇಲೆ ಬಟ್ಟಲಿಟ್ಟು ಕುಡಿಯುವಳು. ಭಾನುವಾರದ ಕುರಿಮಾಂಸದ ರೋಸ್ಟ್ ನಿಂತುಹೋಯಿತು. ಥೆಲ್ಮಾ ಒಂದು ದಿನ ತಾನೇ ಚಾಪ್ಸ್ ಹುರಿಯಲು ಹೋಗಿ ಬಾಣಲೆಯನ್ನೂ ಪರದೆಯನ್ನೂ ಸುಟ್ಟಳು. ಅರವತ್ತು ವರ್ಷ ಅಡುಗೆ ಮಾಡಿದ ಕೈ ಅದು; ಬೇಕೆಂದೇ ಸುಟ್ಟಳೆಂದು ನಾನು ಈಗಲೂ ಹೇಳುತ್ತೇನೆ.

ಕೋರಲ್ ಮೆಲ್ಬರ್ನಿಗೆ ಫೋನ್ ಮಾಡಿದಳು. ಸಂಪಾದಕರು ಮರ್ಯಾದಸ್ಥರು, ಪುಕ್ಕಲರೂ ಹೌದು.

"ಏನಂದ್ರು?" ಕೇಳಿದೆ.

"ನಿಮ್ಮ ಸಹಿ ಎರಡು ಸಲ ಬಂದು ಎರಡು ಮಾತು ಹೇಳ್ತಿದೆ ಅಂದ್ರು. ಕಥೇಲಿ ಬದುಕಿರೋ ವ್ಯಕ್ತಿ ಇದಾರೆ ಅಂತ ಕಥೆ ವಾಪಸ್ ಕೇಳಿದ ಕಾಗದದಲ್ಲಿ ಬರೆದಿದೆಯಲ್ಲ. ಕೋರ್ಟು ಕಚೇರಿ ಭಯ. ಆ ಕಾಗದ ತಾನು ಬರೆದದ್ದು ಅಂತ ನನ್ನ ಗಂಡನೇ ಕೈಯಾರೆ ಬರೆದು ಕೊಟ್ಟರೆ ಹಾಕ್ತಾರಂತೆ. ಸೆಪ್ಟೆಂಬರ್ ಮೂವತ್ತರೊಳಗೆ."

ಬೋಟು ಬರುವುದು ಸೆಪ್ಟೆಂಬರ್ ಇಪ್ಪತ್ತಕ್ಕೆ. ನಡುವೆ ಹತ್ತೇ ದಿನ. ಡೆಸ್ ಪ್ಯಾಸ್ಕೊ ತನ್ನ ತಪ್ಪನ್ನು ಬರೆದುಕೊಡುವ ಆಸಾಮಿಯಲ್ಲ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಜಾತಿ. ಮೀಸೆ ಮಾತ್ರ ಇರಲಿಲ್ಲ.

"ಬೇಡಿಕೊಂಡ್ರೆ ಬರೀತಾನಾ?" ಅಂದೆ.

"ಬೇಡ್ಕೊಳ್ಳಲ್ಲ. ಅವನೇ ಬಂದು ಪೆನ್ನು ಕೇಳೋ ಹಾಗೆ ಮಾಡ್ತೀನಿ," ಅಂದಳು ಕೋರಲ್.

ಕೈಯಲ್ಲಿದ್ದದ್ದು ಒಂದೇ ಆಯುಧ. ಬೋಟಿನಲ್ಲಿರುವ ಪ್ರತಿ ಗಂಡಸಿಗೂ ಮನೆಯವರು ವಾರಕ್ಕೊಂದು ಸಂದೇಶ ಕಳಿಸಬಹುದಿತ್ತು. ನಲವತ್ತು ಪದ, ಒಂದೂ ಹೆಚ್ಚಿಲ್ಲ. ಅವರಿಂದ ಉತ್ತರವಿಲ್ಲ. ದಂಡೆಯ ಕಚೇರಿಯಲ್ಲಿ ಒಬ್ಬ ಲೆಫ್ಟಿನೆಂಟ್ ಅದನ್ನು ಓದಿ, ಸಾವು, ಕಾಯಿಲೆ, ಜಗಳ ಏನಿದ್ದರೂ ಹೊಡೆದುಹಾಕಿ, ಉಳಿದದ್ದನ್ನು ರೇಡಿಯೊದಲ್ಲಿ ಕಳಿಸುತ್ತಿದ್ದ. ಕೆಟ್ಟ ಸುದ್ದಿ ನೀರಿನಡಿ ಹೋಗಕೂಡದು. ನಮ್ಮ ಬೀದಿಯ ಹೆಂಗಸರೆಲ್ಲ ಹನ್ನೊಂದು ವಾರ ಸುಖವಾಗಿ, ಆರೋಗ್ಯವಾಗಿ, ಸುಳ್ಳಾಗಿ ಇರುತ್ತಿದ್ದೆವು. ಮತ್ತೆ ಬೋಟಿನಲ್ಲಿ ಗುಟ್ಟೆಂಬುದಿಲ್ಲ. ರೇಡಿಯೊದವನು ಬರೆದುಕೊಂಡದ್ದು ಊಟದ ಹೊತ್ತಿಗೆ ಅರವತ್ತು ಜನಕ್ಕೂ ಗೊತ್ತು. ಓದಲು ಬೇರೇನಿದೆ?

ಆದರೆ ನಲವತ್ತರಲ್ಲಿ ಇಪ್ಪತ್ತು ಥೆಲ್ಮಾಳ ಪಾಲು.

"ಈ ಸಲ ನಿಮ್ಮ ಇಪ್ಪತ್ತೂ ನನಗೆ ಕೊಡಿ, ಅತ್ತೆ."

"ಯಾಕೆ ಕೊಡ್ಲಿ? ಹೆತ್ತೋಳು ನಾನು."

"ನೀವು ಬರೆಯೋದೇನು? ಮಳೆ ಬಂತು, ಮಳೆ ನಿಂತಿತು, ಮೊಣಕಾಲು ಪರವಾಗಿಲ್ಲ."

"ನನ್ನ ಮೊಣಕಾಲು ನನ್ನ ಮಗನಿಗೆ ಬೇಕು! ನಿನ್ನ ತಟ್ಟೆ ಲೋಟ ಯಾರಿಗೂ ಬೇಡ."

"ಅಜ್ಜಿ, ಮೊಣಕಾಲು ಒಂದೇ ಪದ," ಅಂದಳು ಟ್ರೂಡಿ, ಬ್ರೆಡ್ ಸುಡುತ್ತ. "ಇನ್ನು ಹತ್ತೊಂಬತ್ತು ಮಿಕ್ಕುತ್ತೆ."

"ಬಾಯಿ ಮುಚ್ಕೊಂಡು ಅದಕ್ಕೆ ಬೆಣ್ಣೆ ಸವರು, ನನಗೂ ಒಂದು ಕೊಡು."

"ಕೊಡಬೇಡ," ಅಂದಳು ಕೋರಲ್.

ಟ್ರೂಡಿ ಅಮ್ಮನ ಮುಖ ನೋಡಿದಳು, ಅಜ್ಜಿಯ ಮುಖ ನೋಡಿದಳು, ಬ್ರೆಡ್ಡನ್ನು ತಾನೇ ತಿಂದಳು.

ಆ ಶುಕ್ರವಾರ ಕೋರಲ್‌ಳ ಪಾಲಿನ ಇಪ್ಪತ್ತು ಪದ ಹೀಗೆ ಹೋಯಿತು: 'ಮನೆಯಲ್ಲಿ ಎಲ್ಲರೂ ಕ್ಷೇಮ. ಹೊಸ ಸುದ್ದಿ: ಬೀದಿಯ ಕೊನೆಮನೆಯ ಮಿಸೆಸ್ ಹ್ಯಾಲಮ್, ಗಂಡ ಕಡಲಲ್ಲಿದ್ದರೂ ದಿನಾ ಊಟಕ್ಕೆ ಎರಡು ತಟ್ಟೆ ಇಡುತ್ತಾಳೆ. ಎರಡೂ ಖಾಲಿಯಾಗುತ್ತವೆ. ಯಾರು ತಿನ್ನುತ್ತಾರೋ?'

ನಮ್ಮ ಬೀದಿಯಲ್ಲಿ ಹ್ಯಾಲಮ್ ಎಂಬುವರೇ ಇರಲಿಲ್ಲ. ಅದು ಡೆಸ್ ವಾಪಸ್ ತರಿಸಿದ ಕಥೆಯ ಮೊದಲ ಪುಟ. ಅವನಿಗೆ ಗೊತ್ತಾಗುತ್ತದೆ, ಬೇರೆಯವರಿಗೆ ಗೊತ್ತಾಗುವುದಿಲ್ಲ. ನಾನು ಓದಿ ನಕ್ಕೆ, ಆಮೇಲೆ ನಗು ನಿಂತಿತು.

"ಕೋರಲ್, ಅಲ್ಲಿ ಅರವತ್ತು ಜನ ಇದಾರೆ ಕಣೇ. ಒಬ್ಬೊಬ್ಬನಿಗೂ ಮನೇಲಿ ಹೆಂಡ್ತಿ, ಮೇಜು, ಎರಡು ತಟ್ಟೆ ಇದೆ."

"ಹೌದು," ಅಂದಳು.

ಎರಡನೇ ವಾರ ಮಿಸೆಸ್ ಹ್ಯಾಲಮ್ ಕಸಾಯಿ ಅಂಗಡಿಯಲ್ಲಿ ಎರಡು ಚಾಪ್ಸ್ ಕೊಂಡಳು, ದೊಡ್ಡದೇ ಬೇಕೆಂದಳು. ಮೂರನೇ ವಾರ ಅವಳ ಊಟದ ಕೋಣೆಯಿಂದ ನಗು ಕೇಳಿಸಿತು, ನಗುವ ದನಿ ಅವಳದೊಂದೇ. ನಾಲ್ಕನೇ ವಾರ ಕೆಲಸದವಳು ತೊಳೆಯಲು ಹೋದರೆ ತಟ್ಟೆ ಎರಡಿದ್ದವು, ಫೋರ್ಕು ಮಾತ್ರ ಒಂದು. ಇದರ ಪಕ್ಕಕ್ಕೆ ಥೆಲ್ಮಾಳ ಮಳೆ ಮತ್ತು ಮೊಣಕಾಲು ತಪ್ಪದೆ ಹೋಗುತ್ತಿದ್ದವು. ಕಥೆ ಅಲ್ಲಿ ನಾಟುತ್ತಿದೆಯೋ ಇಲ್ಲವೋ ತಿಳಿಯುವ ದಾರಿಯೇ ಇರಲಿಲ್ಲ. ಬಾವಿಗೆ ಕಲ್ಲು ಹಾಕಿ ಸದ್ದಿಗೆ ಕಾದಂತೆ ಕೋರಲ್ ಕಾಯುತ್ತಿದ್ದಳು. ಹಗಲೆಲ್ಲ ಮುಂದಿನ ಇಪ್ಪತ್ತು ಪದ ಕೊರೆಯುವಳು. ಒಂದು 'ಮತ್ತು' ತೆಗೆಯಲು ಒಂದು ಬೆಳಗ್ಗೆ ಹಿಡಿಯುತ್ತಿತ್ತು. ಬರೆಯುವುದನ್ನು ಅವಳು ಕಲಿತದ್ದು ಆಗಲೇ.

ಐದನೇ ವಾರ ಸದ್ದು ಬಂತು, ಆದರೆ ಬಾವಿಯಿಂದಲ್ಲ. ದಂಡೆಯ ಕಚೇರಿಯ ಲೆಫ್ಟಿನೆಂಟ್ ಫಿಂಚ್ ಟೋಪಿ ಕಂಕುಳಲ್ಲಿ ಇರುಕಿಕೊಂಡು ಮನೆಗೇ ಬಂದ.

"ಮಿಸೆಸ್ ಪ್ಯಾಸ್ಕೊ, ತಪ್ಪು ತಿಳೀಬೇಡಿ. ಗುಪ್ತಭಾಷೆ ಏನಾದ್ರೂ ಇದೆಯಾ ಅಂತ ನೋಡೋದು ನನ್ನ ಕೆಲಸ. ಈ ಎರಡನೇ ತಟ್ಟೆ..."

"ತಟ್ಟೆ ಅಂದ್ರೆ ತಟ್ಟೆ."

"ಸರಿ. ಆದ್ರೆ ಇದು ಕೆಟ್ಟ ಸುದ್ದೀನಾ ಅಂತ ನಾನು ತೀರ್ಮಾನ ಮಾಡ್ಬೇಕಲ್ಲ. ಅದು ಯಾರು ತಿಂತಾರೆ ಅನ್ನೋದರ ಮೇಲೆ ನಿಂತಿದೆ."

"ಓಹೋ, ಕಚೇರಿ ಕೆಲಸಕ್ಕೆ ಕೇಳ್ತಿದೀರಾ?"

ಫಿಂಚ್ ಕೆಂಪಾದ. "ಕಚೇರೀಲಿ ನಾವು ಐದು ಜನ. ನಾಲ್ಕು ಜನ ಹಾಲಿನವನು ಅಂತಾರೆ. ನಾನು ಅಲ್ಲ ಅಂತೀನಿ. ಹಾಲಿನವನಾದ್ರೆ ಫೋರ್ಕು ಎರಡಿರಬೇಕಿತ್ತು."

"ಕಾದು ನೋಡಿ," ಅಂದಳು ಕೋರಲ್, ಅವನಿಗೊಂದು ಬಿಸಿ ಕುಂಬಳಕಾಯಿ ಬನ್ನು, ಸ್ಕೋನ್, ಕೊಟ್ಟಳು. ಒಗೆಯುವ ಕೋಣೆಯ ಬಾಗಿಲಲ್ಲಿ ನಿಂತಿದ್ದ ಥೆಲ್ಮಾ ಆ ಸ್ಕೋನ್ ಅವನ ಬಾಯಿಗೆ ಹೋಗುವವರೆಗೂ ನೋಡಿದಳು.

ಅವನು ಹೋದಮೇಲೆ ಥೆಲ್ಮಾ ಒಳಗೆ ಬಂದಳು. ಐದು ವಾರದಲ್ಲಿ ಮೊದಲ ಸಲ ಮೇಜಿನ ಮುಂದೆ ಕೂತಳು, ಟೈಪ್‌ರೈಟರನ್ನು ಎರಡು ಬೆರಳು ಆಚೆ ತಳ್ಳಿದಳು.

"ಅವಳೇ ತಿಂತಾಳೆ," ಅಂದಳು.

ಕೋರಲ್ ಟೈಪ್‌ರೈಟರನ್ನು ಮತ್ತೆ ಈಚೆ ಎಳೆದಳು.

"ಇಬ್ಬರದ್ದೂ ಅವಳೇ ತಿಂತಾಳೆ. ಫೋರ್ಕು ಒಂದೇ. ಗಂಡನಿಗೆ ದೊಡ್ಡ ಚಾಪ್ ಇಡೋದು, ತನಗೆ ಚೂರು. ಅವನು ಊರಲ್ಲಿದ್ದಾಗ ಹಾಗೇ ಅಲ್ವಾ? ಅವನು ಹೋದ್ಮೇಲೆ ಎರಡೂ ಹಾಕ್ಕೊಂಡು, ಮೊದಲು ತನ್ನ ಜಾಗದಲ್ಲಿ ಕೂತು ತನ್ನದು ತಿಂತಾಳೆ. ಆಮೇಲೆ ಎದ್ದು ಹೋಗಿ ಅವನ ಕುರ್ಚೀಲಿ ಕೂತು ಅವನ ಪಾಲೂ ತಿಂತಾಳೆ. ಹೊಟ್ಟೆ ತುಂಬ."

"ನಿಮಗೆ ಟ್ರೂಡಿ ಹೇಳಿದ್ಲಾ?"

"ಟ್ರೂಡಿಗೇನು ಗೊತ್ತು? ನಾನು ಹಾಗೆ ತಿಂದಿದೀನಿ. ಯುದ್ಧದ ಕಾಲದಲ್ಲಿ, ಎರಡು ವರ್ಷ. ಅವರು ವಾಪಸ್ ಬಂದು, 'ಥೆಲ್, ನಾನಿಲ್ದೆ ಊದಿಕೊಂಡಿದೀಯಲ್ಲೇ' ಅಂದ್ರು. ಎಲ್ಲರ ಮುಂದೆ ಅಂದ್ರು." ಥೆಲ್ಮಾ ಟೈಪ್‌ರೈಟರನ್ನು ಇನ್ನೊಂದು ಬೆರಳು ಆಚೆ ತಳ್ಳಿದಳು. "ಅವರು ಸತ್ತು ಹನ್ನೆರಡು ವರ್ಷ ಆಯ್ತು. ನನಗಿನ್ನೂ ಆ ಮಾತು ಕರಗಿಲ್ಲ. ಡೆಸ್ ಅದೇ ಗಿಡದ ಕಾಯಿ. ನನ್ನ ಇಪ್ಪತ್ತೂ ತಗೋ."

"ಇಪ್ಪತ್ತು ಪದ ಕೊಟ್ಟ ಮಾತ್ರಕ್ಕೆ ಆ ಕಾಗದ ಪೋಸ್ಟ್ ಮಾಡಿದ್ದು ನಾನು ಮರೀತೀನಿ ಅಂದ್ಕೊಂಡ್ರಾ?"

"ಮರೀಬೇಡ. ಯಾರು ಮರಿ ಅಂದ್ರು? ಭಾನುವಾರ ರೋಸ್ಟ್ ಮಾಡು, ಅಷ್ಟು ಸಾಕು. ಪುದೀನ ಸಾಸ್ ನಾನು ಮಾಡ್ತೀನಿ."

ಕೋರಲ್ ರೋಸ್ಟ್ ಮಾಡಿದಳು. ನನ್ನನ್ನೂ ಕರೆದರು. ಅತ್ತೆ ಸೊಸೆ ಮೇಜಿನ ಎರಡು ಬದಿಗೆ ಕೂತು, ಉಪ್ಪು ಕೊಡು ಎಂಬುದೊಂದು ಬಿಟ್ಟು ಬೇರೆ ಮಾತಿಲ್ಲದೆ, ಕಾಲು ಭಾಗ ಕುರಿಯನ್ನು ಮುಗಿಸಿದರು. ರಾಜಿಯಲ್ಲ ಅದು, ಕೂಟ. ಇಬ್ಬರ ಕತ್ತಿಯೂ ಒಬ್ಬನ ಕಡೆಗೆ ತಿರುಗಿತ್ತು.

ಆರು, ಏಳು, ಎಂಟನೇ ಕಂತು ಪೂರ್ತಿ ನಲವತ್ತು ಪದದವು. ಕೊನೆಯದನ್ನು ಬರೆದ ದಿನ ಮೂವರೂ ಮೇಜಿನ ಸುತ್ತ ಕೂತಿದ್ದರು. ಟ್ರೂಡಿ ಪದ ಎಣಿಸಿದಳು, ಥೆಲ್ಮಾ "ಇನ್ನೂ ಚೂರು ಖಾರ ಹಾಕೇ" ಅಂದಳು. ಅದು ಹೀಗಿತ್ತು:

'ಮಿಸೆಸ್ ಹ್ಯಾಲಮ್ ಅವರ ಗಂಡ ನಾಳೆ ಬರುತ್ತಾನೆ. ಓವನ್ನಿನಲ್ಲಿ ಮಾಂಸ ಬೇಯುತ್ತಿದೆ. ಈ ಸಂಜೆ ಅವಳು ಬಾಗಿಲಿಗೆ ಚಿಲಕ ಹಾಕಿ, ಪರದೆ ಮುಚ್ಚಿ, ಎರಡನೇ ಕುರ್ಚಿಯನ್ನು ಮೆಲ್ಲನೆ ಮೇಜಿಗೆ ಎಳೆದಳು. ಯಾರು ಕೂತರೆಂದು ನಾನು ಹೇಳಬೇಕಾಗಿಲ್ಲ. ಡೆಸ್ ಈ ಕಥೆಯನ್ನು ಕೊನೆಯವರೆಗೂ ಓದಿದ್ದಾರೆ. ಓದಿಯೇ ಅಲ್ಲವೇ ಪತ್ರಿಕೆಗೆ ಬೇಡವೆಂದು ಬರೆದದ್ದು. ದಯವಿಟ್ಟು ಎಲ್ಲರೂ ಅವರನ್ನೇ ಕೇಳಿ.'

"ಫಿಂಚ್ ಬಿಡ್ತಾನಾ?" ಅಂದೆ.

"ಇದ್ರಲ್ಲಿ ಸಾವಿದೆಯಾ, ಕಾಯಿಲೆ ಇದೆಯಾ? ಗಂಡ ಓದಿದಾನೆ ಅಂತ ಹೊಗಳಿದೀನಿ," ಅಂದಳು ಕೋರಲ್.

ಫಿಂಚ್ ಬಿಟ್ಟ. ಉಳಿದ ಎರಡು ವಾರ ಕೋರಲ್ ಕಳಿಸಿದ್ದು ಇಷ್ಟೇ: ಮಳೆ ಬಂತು, ಮಳೆ ನಿಂತಿತು, ಅತ್ತೆಯ ಮೊಣಕಾಲು ಪರವಾಗಿಲ್ಲ.

ಆ ಎರಡು ವಾರ ನೀರಿನಡಿ ನಡೆದದ್ದನ್ನು ಕೆವ್ ಆಮೇಲೆ ನನಗೆ ಹೇಳಿದ. ಹೇಳುತ್ತ ಅವನಿಗೆ ಅನ್ನ ಗಂಟಲಲ್ಲಿ ಇಳಿಯದಷ್ಟು ನಗು. ಮೊದಲ ಕಂತು ಬಂದಾಗ ಡೆಸ್ ಮುಖ ಬಿಳಿಚಿಕೊಂಡು, ಏನೋ ನೆರೆಮನೆ ಸುದ್ದಿ ಎಂದು ಜಾರಿಕೊಂಡಿದ್ದ. ಮೂರನೇ ಕಂತಿನ ಹೊತ್ತಿಗೆ ಶುಕ್ರವಾರದ ರೇಡಿಯೊಗೆ ಎಲ್ಲರೂ ಕಾಯುತ್ತಿದ್ದರು. ಟಾರ್ಪಿಡೊದವರು ಹಾಲಿನವನ ಪಕ್ಷ, ಇಂಜಿನಿನವರು ಪಾದ್ರಿಯ ಪಕ್ಷ. ಕೊನೆಯ ಕಂತು ಬಂದ ದಿನ ಇಡೀ ಬೋಟು ಡೆಸ್ ಕಡೆ ತಿರುಗಿತು. ಓದಿಲ್ಲ ಎಂದರೆ, ಓದದೆ ಯಾಕೆ ಬೇಡವೆಂದು ಬರೆದಿರಿ ಎಂಬ ಪ್ರಶ್ನೆ. ಓದಿದ್ದೇನೆ ಎಂದರೆ, ಯಾರು ತಿಂದರು ಎಂಬ ಪ್ರಶ್ನೆ. ನುಂಗಲಾರದ, ಉಗುಳಲಾರದ ಬಿಸಿ ತುಪ್ಪ. ಓದಿದ್ದೇನೆ ಅಂದ.

"ಮೊದಲು ಹೇಳಿದ, ಅವಳ ಅಣ್ಣ ತಿಂದದ್ದು ಅಂತ," ಅಂದ ಕೆವ್. "ನಾನೇ ಕೇಳ್ದೆ, 'ಹಾಗಾದ್ರೆ ಫೋರ್ಕು ಒಂದೇ ಯಾಕೆ ಸಾರ್?' ಮಾರನೇ ದಿನ ನಾಯಿ ಅಂದ. ನಾಯಿ ಕುರ್ಚೀಲಿ ಕೂರುತ್ತಾ ಅಂದ್ರು. ಅದರ ಮಾರನೇ ದಿನ ಗಂಡನ ದೆವ್ವ ಅಂದ. ಗಂಡ ನಾಳೆ ಬರ್ತಾನಲ್ಲ ಸಾರ್, ಬದುಕಿದಾನಲ್ಲ! ಆಮೇಲೆ ಅವನು ಊಟದ ಕೋಣೆಗೆ ಬರೋದೇ ಬಿಟ್ಟ. ನಾನು ಅವನ ಕ್ಯಾಬಿನ್ನಿಗೆ ಊಟ ಕಳಿಸ್ತಿದ್ದೆ."

"ಎಷ್ಟು ತಟ್ಟೇಲಿ?" ಅಂದೆ.

"ಎರಡು!" ಅಂದ ಕೆವ್, ಮತ್ತೆ ಬಿದ್ದು ಬಿದ್ದು ನಕ್ಕ.

ಬೋಟು ದಡ ಮುಟ್ಟಿದ ದಿನ ನಾವೆಲ್ಲ ಕಟ್ಟೆಯ ಮೇಲೆ ನಿಂತಿದ್ದೆವು. ಹನ್ನೊಂದು ವಾರದ ಡೀಸೆಲ್ ವಾಸನೆ ಹೊತ್ತು ಗಂಡಸರು ಇಳಿದರು. ತಮ್ಮ ತಮ್ಮ ಹೆಂಡಿರನ್ನು ತಬ್ಬಿಕೊಂಡೇ, ಭುಜದ ಮೇಲಿಂದ ಕೋರಲ್ ಕಡೆ ನೋಡುತ್ತಿದ್ದರು. ಕ್ಯಾಪ್ಟನ್ ಓರ್ಡ್ ಹೆಂಡತಿಯ ಕೈ ಹಿಡಿದುಕೊಂಡು ನೇರವಾಗಿ ಕೋರಲ್ ಹತ್ತಿರ ಬಂದ. ಡೆಸ್ ಹಿಂದೆ ನಿಂತಿದ್ದ.

"ಮಿಸೆಸ್ ಪ್ಯಾಸ್ಕೊ, ನನಗೊಬ್ಬನಿಗಾದ್ರೂ ಹೇಳಿಬಿಡಿ. ಯಾರು ತಿಂದದ್ದು?"

"ಡೆಸ್ ಹೇಳಲಿಲ್ವಾ ಸಾರ್?"

"ಮೂರು ತರ ಹೇಳಿದ್ರು."

"ಹಾಗಾದ್ರೆ ಡಿಸೆಂಬರ್ ಸಂಚಿಕೇಲಿ ನೋಡ್ಬೇಕು. ಅದೂ ಡೆಸ್ ಒಂದು ಕಾಗದ ಬರೆದು ಕೊಟ್ರೆ. ಮೂವತ್ತನೇ ತಾರೀಖಿನೊಳಗೆ."

ಕ್ಯಾಪ್ಟನ್ ಹಿಂದೆ ತಿರುಗಿ ನೋಡಿದ. ಮಿಸೆಸ್ ಓರ್ಡ್, "ಬರೀತಾರೆ ಬಿಡಿ. ಬರೀದೆ ಎಲ್ಲಿ ಹೋಗ್ತಾರೆ?" ಅಂದಳು, ಹಾಲಿನಂಥ ದನಿಯಲ್ಲಿ.

ಡೆಸ್ ಮನೆಗೆ ಬಂದು ಮೊದಲು ಕೂಗಾಡಿದ. ಬೇಲಿಯವರೆಗೆ ಕೇಳಿಸಿತು, ನಾನು ಸಕ್ಕರೆ ಲೋಟ ಹಿಡಿದು ಹೊರಟೆ.

"ಅರವತ್ತು ಜನರ ಮುಂದೆ ನನ್ನ ಮಾನ ಕಳೆದ್ಯಲ್ಲ!"

"ನೀವು ನನ್ನ ಹೆಸರು ಕಳೆದ್ರಿ. ನಿಮ್ಮ ಮಾನಕ್ಕೆ ಅರವತ್ತು ಜನ ಸಾಕ್ಷಿ ಇದಾರೆ. ನನ್ನ ಹೆಸರಿಗೆ ಯಾರಿದ್ರು?"

"ಅದು ಮಿಸೆಸ್ ಓರ್ಡ್ ಕಥೆ ಅಂತ..."

"ಯಾರ ಕಥೆ ಅಂತ ಗೊತ್ತಾಗ್ಬೇಕಾದ್ರೆ ಮೂರನೇ ಪುಟ ತಿರುವಬೇಕಿತ್ತು."

"ಅಮ್ಮ, ನೀನಾದ್ರೂ ಹೇಳು ಇವಳಿಗೆ."

ಥೆಲ್ಮಾ ಪೆನ್ನು ಮತ್ತು ಹಾಳೆ ತಂದು ಅವನ ಮುಂದಿಟ್ಟಳು. "ಬರಿ. ಈ ಸಲಾನೂ ನಾನೇ ಪೋಸ್ಟ್ ಮಾಡ್ತೀನಿ. ಆದ್ರೆ ಈ ಸಲ ಓದಿ ಪೋಸ್ಟ್ ಮಾಡ್ತೀನಿ."

ಡೆಸ್ ಒಂಬತ್ತು ದಿನ ಬರೆಯಲಿಲ್ಲ. ಆ ಒಂಬತ್ತು ದಿನ ಅವನು ಹಾಲು ತರಲು ಹೋದರೆ ಅಂಗಡಿಯಲ್ಲಿ, ಗಡ್ಡ ಹೆರೆಸಿಕೊಳ್ಳಲು ಹೋದರೆ ಅಲ್ಲಿ, ಒಬ್ಬನಲ್ಲ ಒಬ್ಬ ನಾವಿಕ ಎದುರಾಗಿ, "ಬರೆದ್ರಾ ಸಾರ್?" ಅನ್ನುವನು. ಮನೆಯಲ್ಲಿ ಟ್ರೂಡಿ ಕೂಡ ದಿನಾ ಬೆಳಗ್ಗೆ ತಾರೀಖು ಓದಿ ಹೇಳುವಳು. ಇಪ್ಪತ್ತೊಂಬತ್ತನೇ ತಾರೀಖು ಪೆನ್ನು ಹಿಡಿದ. 'ತಪ್ಪು ತಿಳುವಳಿಕೆಯಿಂದ' ಎಂದು ಶುರು ಮಾಡಿದ. ಕೋರಲ್ ಆ ಹಾಳೆ ಹರಿದಳು. 'ಮನೆಯವರ ಹಿತದೃಷ್ಟಿಯಿಂದ' ಎಂದು ಬರೆದ. ಅದನ್ನು ಥೆಲ್ಮಾ ಹರಿದಳು. ಮೂರನೆಯದರಲ್ಲಿ ಬರೆದ: 'ಆ ಪತ್ರವನ್ನು ಬರೆದವನು ನಾನು. ನನ್ನ ಹೆಂಡತಿಯ ಸಹಿಯನ್ನು ಹಾಕಿದವನೂ ನಾನೇ. ಕಥೆಯನ್ನು ನಾನು ಪೂರ್ತಿ ಓದಿಲ್ಲ.' ಥೆಲ್ಮಾ ಓದಿ, ಟ್ಯಾಕ್ಸಿ ಹಿಡಿದು ದೊಡ್ಡ ಅಂಚೆ ಕಚೇರಿಗೇ ಹೋಗಿ ಮೆಲ್ಬರ್ನಿಗೆ ಮಾರನೇ ದಿನವೇ ಮುಟ್ಟುವಂತೆ ಹಾಕಿ ಬಂದಳು.

"ಈಗ ಹೇಳು, ಯಾರು ತಿಂದದ್ದು?" ಎಂದು ಡೆಸ್ ಕೇಳಿದ.

"ಡಿಸೆಂಬರ್," ಅಂದಳು ಕೋರಲ್.

ಡಿಸೆಂಬರಿಗೆ ಮೊದಲೇ ಬೋಟು ಮತ್ತೆ ಹೊರಟುಹೋಯಿತು. ಸಂಚಿಕೆ ಬಂದ ದಿನ ನಮ್ಮ ಎರಡು ಬೀದಿಯ ಹೆಂಗಸರು ಅಂಗಡಿಯ ಪ್ರತಿಗಳನ್ನೆಲ್ಲ ಕೊಂಡು ಮುಗಿಸಿದರು. ನಾನು ಓದಿದೆ, ಒಗೆಯುವ ಯಂತ್ರದ ಪಕ್ಕ ಕೂತು ಸ್ವಲ್ಪ ಕಣ್ಣೀರು ಹಾಕಿದೆ, ಆಮೇಲೆ ಕೆವ್‌ಗೆ ಆ ವಾರದ ಸಂದೇಶ ಬರೆಯಲು ಹಾಳೆ ತೆಗೆದೆ. ಅಷ್ಟರಲ್ಲಿ ಫೋನ್ ಬಂತು. ಮಿಸೆಸ್ ಓರ್ಡ್! ಅಡುಗೆಯವನ ಹೆಂಡತಿಗೆ ಅವಳು ತಾನಾಗಿ ಫೋನ್ ಮಾಡಿದ್ದು ಅದೇ ಮೊದಲು.

"ನೋಲಾ, ಕಥೆ ಓದಿದ್ರಾ?"

"ಓದ್ದೆ ಮೇಡಂ."

"ನಾನೂ ಓದ್ದೆ. ಹದಿನೆಂಟು ವರ್ಷದಿಂದ ಎರಡು ತಟ್ಟೆ ಇಡ್ತಿದೀನಿ. ಎರಡನೇದನ್ನ ಮುಟ್ಟಿರಲಿಲ್ಲ. ನಿನ್ನೆ ಮುಟ್ಟಿದೆ." ಕೂಡಲೇ ಮುಂದುವರಿಸಿದಳು, "ಬೋಟಿಗೆ ಹೋಗೋ ಸಂದೇಶದಲ್ಲಿ ಯಾರೂ ಕಥೆಯ ಕೊನೆ ಹೇಳಕೂಡದು. ಹತ್ತು ವಾರಾನೂ. ನೀವು ನಿಮ್ಮ ಕಡೆ ಐದು ಜನಕ್ಕೆ ಫೋನ್ ಮಾಡಿ."

ಮಾಡಿದೆ. ಅವರು ಐದೈದು ಜನಕ್ಕೆ ಮಾಡಿದರು. ಹೆಂಗಸರ ಬಾಯಲ್ಲಿ ಮಾತು ನಿಲ್ಲುವುದಿಲ್ಲ ಅನ್ನುವವರು ಬಂದು ನೋಡಬೇಕಿತ್ತು. ಅರವತ್ತು ಮನೆಗಳಿಂದ ಹತ್ತು ವಾರ ಮಳೆ, ಮೊಣಕಾಲು, ಮಕ್ಕಳ ಹಲ್ಲು. ಒಬ್ಬಳೂ ಗುಟ್ಟು ಬಿಡಲಿಲ್ಲ. ಫಿಂಚ್ ಕೂಡ ಓದಿದ್ದ, ಅವನೂ ಬಿಡಲಿಲ್ಲ. ಕಚೇರಿಯಲ್ಲಿ ಪಂದ್ಯ ಗೆದ್ದವನು ಅವನೇ.

ಫೆಬ್ರವರಿಯಲ್ಲಿ ಡೆಸ್ ಮರಳಿ ಬಂದಾಗ ನಾನು ರೋಸ್ಟ್ ತಟ್ಟೆ ಹಿಂದಿರುಗಿಸಲು ಅವರ ಅಡುಗೆಮನೆಯಲ್ಲಿದ್ದೆ. ಸುಳ್ಳು, ನೋಡಲೆಂದೇ ಹೋಗಿದ್ದೆ. ಮೇಜಿನ ಮೇಲೆ ಪತ್ರಿಕೆ ಇತ್ತು, ಮುಖಪುಟದಲ್ಲಿ ಕೋರಲ್ ಪ್ಯಾಸ್ಕೊ ಎಂದು ಅಚ್ಚಾಗಿತ್ತು. ಆ ವರ್ಷ ಅವನಿಗೆ ಬೋಟು ಸಿಗುವುದಿಲ್ಲವೆಂದು ಆಗಲೇ ತಿಳಿದಿತ್ತು. ಯಾಕೆಂದು ನನಗೆ ಗೊತ್ತಿಲ್ಲ, ಗೊತ್ತಿದ್ದರೂ ಅಳುತ್ತಿರಲಿಲ್ಲ.

ಅವನು ಚೀಲ ಕೆಳಗಿಟ್ಟ. ನಿಂತುಕೊಂಡೇ ಓದಿದ. ಥೆಲ್ಮಾ ಆಲೂಗೆಡ್ಡೆ ಸುಲಿಯುವುದನ್ನು ನಿಲ್ಲಿಸಲಿಲ್ಲ. ಕೋರಲ್ ಹೊಸ ಕಥೆ ಟೈಪ್ ಮಾಡುತ್ತಿದ್ದಳು, ಅವಳೂ ನಿಲ್ಲಿಸಲಿಲ್ಲ. ಅವನು ಎರಡನೇ ಪುಟ ದಾಟಿದ, ಮೂರನೆಯದಕ್ಕೆ ಹೋದ, ಕೊನೆಗೆ ಕೊನೆಯದಕ್ಕೂ ಹೋದ. ಕೊನೆಯ ಪುಟವನ್ನು ತಿರುವಿ, ಹಿಂದೆ ಇನ್ನೇನಾದರೂ ಇದೆಯೋ ಎಂದು ನೋಡಿದ. ಅಲ್ಲಿ ಒಂದು ಸೋಪಿನ ಜಾಹೀರಾತಿತ್ತು.

"ಇಷ್ಟೇನಾ?" ಅಂದ. "ಅವಳಿಗೆ ಹಸಿವಾಗಿತ್ತು, ಇಷ್ಟೇನಾ?"

ಕೋರಲ್ ಟೈಪ್‌ರೈಟರ್‌ನಿಂದ ತಲೆಯೆತ್ತಿದಳು.

"ಇಷ್ಟೇ," ಅಂದಳು. "ಇದನ್ನ ಯಾರೂ ಓದಬಾರದು ಅಂತ ನೀವು ನನ್ನ ಸಹಿ ಹಾಕಿದ್ರಿ."